ಎಲ್ಲಕ್ಕೂ ಆರಾಮ ಎಂದ ಕಾಕಿ

ಭಾನುವಾರ, ಬೆಳಗ್ಗೆ ಏಳೂ ಹತ್ತಕ್ಕೆ ಬರೆಯಲು ಕುಳಿತೆ.

ಕಾಕಿಯ ಎಡಗಾಲು ಬಲಗಾಲಿಗಿಂತ ದಪ್ಪ. ತೊಡೆಯ ರಕ್ತನಾಳದಲ್ಲಿ ಹೆಪ್ಪುಗಟ್ಟಿ ಪಾದ ಬಾತಾಗ ಆ ಕಾಲಿನ ಉಂಗುರವನ್ನು ದವಾಖಾನೆಯಲ್ಲಿ ಕತ್ತರಿಸಿ ತೆಗೆದಿದ್ದರು. ಅದನ್ನು ಅವಳು ಅರಿಷಿಣ ದಾರದಲ್ಲಿ ಪೋಣಿಸಿ ಕೊರಳಿಗೆ ಕಟ್ಟಿಕೊಂಡಿದ್ದಳು.

ಶಿರಹಟ್ಟಿಯಲ್ಲಿ ನಮ್ಮ ಗೋಡೆಗೆ ಹೊಂದಿದ ಮನೆ ಅವಳದು. ಲಗ್ನ ಯಾರ ಮನೆಯದಾದರೂ ಓಣಿಯ ಹೆಂಗಸರು ಸಾಲಾಗಿ ಕುಳಿತು ಖಡಕ್ ರೊಟ್ಟಿ ಬಡಿಯುತ್ತಾರೆ. ಮೊದಲ ಒಲೆ ಕಾಕಿಯದೇ. ಯಾರದಾದರೂ ರೊಟ್ಟಿ ಹರಿದರೆ, "ಏನವ್ವ, ರೊಟ್ಟಿಗೆ ಖಿಡಕಿ ಇಟ್ಟಿಯಲ್ಲ, ಗಾಳಿ ಬರ್ಲಿ ಅಂತೇನು?" ಎಂದು ಕಾಡುತ್ತಿದ್ದಳು.

ಆರು ತಿಂಗಳ ಗುಳಿಗೆ ಮುಗಿದ ಮೇಲೆ ಗದಗಿಗೆ ತಪಾಸಣೆಗೆ ನಾನೇ ಕರೆದೊಯ್ದೆ. ಹೆಪ್ಪು ಕರಗಿದೆ ಎಂದ ಡಾಕ್ಟರು, ಬದುಕು ಹೇಗೆ ಸಾಗಿದೆಯೆಂದು ಅಂಕ ಹಾಕಿ ಅಳೆಯುವ ಪ್ರಶ್ನೆಗಳನ್ನು ಕಾಗದ ನೋಡಿ ಓದಿದರು. ನಡೆಯಲು ತ್ರಾಸವೇ? ಕುಳಿತು ಏಳಲು? ಮನಸ್ಸಿಗೆ ಬೇಸರವೇ?

"ಆರಾಮ ಅದೀನ್ರಿ." ಎಲ್ಲದಕ್ಕೂ ಅದೇ ಉತ್ತರ.

ಅಂಕ ಪೂರ್ತಿ ಬಂತು. ಕಾಲಿನ ವ್ಯಾಯಾಮ ಕಲಿಯುವ ಜರೂರಿಲ್ಲ, ವರ್ಷದ ಮೇಲೆ ಬನ್ನಿ ಎಂದರು.

ಹೊರಗೆ ಬಂದು ಕೇಳಿದೆ: "ಕಾಕಿ, ಹೋದ ವಾರ ರೊಟ್ಟಿಗೆ ಕರ್ಯಾಕ ಬಂದ್ರ ಕೆಲಸ ಐತಿ ಅಂದು ಬಾಗಲಾ ಹಾಕ್ಕೊಂಡಿ. ಇಲ್ಲಿ ಆರಾಮ ಅಂತಿ!"

"ಹುಚ್ಚಿ, ಆರಾಮ ಏನು ಅಂತ ಕೇಳಿದವರಿಗೆ ಆರಾಮ ಅನ್ನಬೇಕು. ಜೀವ ಉಳಿಸಿದಾರ ಅವರು, ಅವರ ಮುಂದ ಗೋಳಾಡ್ಲೇನು?" ಎಡಗಾಲು ನೀವಿಕೊಂಡು, "ಒಲಿ ಮುಂದ ಕುಂತ್ರ ಎಬ್ಬಸಾಕ ಇಬ್ಬರು ಬೇಕು. ಅವರು ರೊಟ್ಟಿ ಬಡೀಬೇಕೋ, ನನ್ನ ಎತ್ತಬೇಕೋ?" ಎಂದಳು.

ಕೈ ಹಿಡಿದು ಮತ್ತೆ ಒಳಗೆ ಕರೆದೊಯ್ದು, ನಡೆದ ಮಾತು ಹೇಳಿದೆ. ಡಾಕ್ಟರು ಕಾಗದ ಬದಿಗಿಟ್ಟು, "ಮೊದಲ ಮಾಡ್ತಿದ್ದ ಯಾವ ಕೆಲಸ ಈಗ ಬಿಟ್ಟೀರಿ, ಅಮ್ಮಾ?" ಎಂದರು. ಆ ಪ್ರಶ್ನೆಗೆ ಆರಾಮ ಎನ್ನಲು ಬರುವಂತಿರಲಿಲ್ಲ. ಕಾಕಿ ಸೆರಗು ಕಣ್ಣಿಗೊತ್ತಿಕೊಂಡು ರೊಟ್ಟಿಯ ಸಾಲಿನ ಸುದ್ದಿ ಹೇಳಿದಳು. ಡಾಕ್ಟರು ವ್ಯಾಯಾಮ, ಬಿಗಿ ಕಾಲುಚೀಲ ಬರೆದುಕೊಟ್ಟರು. ಒಲೆ ಎತ್ತರಕ್ಕಿಡಿ, ನಡುನಡುವೆ ಎದ್ದು ನಡೆದಾಡಿ ಎಂದರು.

ಮುಂದಿನ ಲಗ್ನಕ್ಕೆ ಓಣಿಯವರು ಮೇಜಿನ ಮೇಲೆ ಗ್ಯಾಸ್ ಒಲೆ ಇಟ್ಟು ಅವಳಿಗೆ ಕುರ್ಚಿ ಹಾಕಿದರು.

"ತಹಶೀಲ್ದಾರ ಬಾಯಿಯವರು ಬಂದ್ರವ್ವ!" ಕುರ್ಚಿ ನೋಡಿ ಒಬ್ಬಳು ಕಾಡಿದಳು.

"ಮತ್ತ ಎದ್ದು ನಮಸ್ಕಾರ ಮಾಡ್ರಿ," ಎಂದಳು ಕಾಕಿ, ಹಿಟ್ಟು ನಾದುತ್ತಾ.

ಎರಡು ವರ್ಷ ಹಾಗೇ ಬಡಿದಳು. ಕಳೆದ ಚಳಿಗಾಲದಲ್ಲಿ ತೀರಿಕೊಂಡಳು.

ಈಗ ಲಕ್ಷ್ಮೇಶ್ವರ, ಮುಂಡರಗಿ, ಬೆಟಗೇರಿಗೆ ಹೋದಾಗ ಕಾಲಲ್ಲಿ ಹೆಪ್ಪುಗಟ್ಟಿದ ಇಂಥ ರೋಗಿಗಳು ಸಿಕ್ಕರೆ ಡಾಕ್ಟರ ಆ ಪ್ರಶ್ನೆಯನ್ನೇ ಕೇಳಿ ಬರೆದುಕೊಳ್ಳುತ್ತೇನೆ. ಒಬ್ಬರು ನಮಾಜಿನ ಸಾಲು ಬಿಟ್ಟಿದ್ದಾರೆ, ಬೆಟಗೇರಿಯ ಒಬ್ಬರು ಕಾಲು ಇಳಿಬಿಟ್ಟು ನೇಯುವ ಮಗ್ಗದ ಕುಣಿಗೆ ಇಳಿಯುವುದನ್ನು. ನಿಮ್ಮ ಮನೆಯಲ್ಲಿ ಅಂಥವರಿದ್ದರೆ, ಏನು ಬಿಟ್ಟಿದ್ದಾರೆಂದು ಕೇಳಿ ನನಗೆ ಬರೆಯಿರಿ. ಅಂಕದಲ್ಲಿ ಕಾಣದ್ದು ತಿಳಿಯಲೆಂದು ಗದಗಿನ ಆ ಡಾಕ್ಟರಿಗೆ ಮುಟ್ಟಿಸುತ್ತೇನೆ.