ಮದುಮಗಳ ಸೀನು

ಸಿಂಗಾಪುರದ ನಮ್ಮ ಕಂಪೋಂಗಿನಲ್ಲಿ, ಅಂದರೆ ಮಲಯರ ಕೇರಿಯಲ್ಲಿ, ಪಕ್ಕದ ಮನೆಯ ಕಲ್ಸೋಮ್ ನಕ್ಕರೆ ಆಚೆ ಓಣಿಯ ಕೋಳಿಗಳೂ ಬೆಚ್ಚುತ್ತಿದ್ದವು. "ಹೆಂಗಸು ನಕ್ಕರೆ ಹಲ್ಲು ಕಾಣಬಾರದು ಅಂತಾರೆ. ನಿಂದು ಕಿರುನಾಲಿಗೇನೇ ಕಾಣತ್ತಲ್ಲೇ" ಎಂದು ಅತ್ತೆ ಮಾಕ್ ಬೀಬಾ ಗದರುತ್ತಿದ್ದರು. ಪಾಪ, ಅವಳು ತಲೆವಸ್ತ್ರದ ತುದಿಯನ್ನು ಬಾಯಿಗೆ ತುರುಕಿಕೊಂಡರೆ ನಗು ಮೂಗಿನಿಂದ ಬರುತ್ತಿತ್ತು.

ಆಗ ಗಾಯಕ ಜುಬೀರನ ಕಾಲ. ರೇಡಿಯೋದಲ್ಲಿ ಅವನ ವಿರಹಗೀತೆ ಬಂದರೆ ಒಲೆಯ ಮೇಲೆ ಅನ್ನ ಸೀದರೂ ಹೆಂಗಸರಿಗೆ ಗೊತ್ತಾಗುತ್ತಿರಲಿಲ್ಲ. ಅಂಥವನು ಮೊದಲ ಸಲ ನಗೆಚಿತ್ರವೊಂದನ್ನು ಒಪ್ಪಿಕೊಂಡಿದ್ದ. ಮದುವೆಯ ದೃಶ್ಯಕ್ಕೆ ಜನ ಬೇಕೆಂದು ಸ್ಟುಡಿಯೋದವರು ನಮ್ಮ ಓಣಿಯ ಹೆಂಗಸರನ್ನು ಕರೆದರು. ಸೊಸೆಯನ್ನು ಕಾಯಲು ಮಾಕ್ ಬೀಬಾ ಕೂಡ ಹೊರಟರು.

ಕಥೆಯಲ್ಲಿ ಪ್ರೇಯಸಿಯನ್ನು ಮುದುಕ ವರ್ತಕನೊಬ್ಬನಿಗೆ ಕೊಡುವುದೆಂದು ನಿಶ್ಚಯವಾಗಿರುತ್ತದೆ. ಜುಬೀರ್ ಅವಳನ್ನು ಹಿತ್ತಿಲ ಬಾಗಿಲಿನಿಂದ ಕಳಿಸಿ, ತಾನೇ ಮದುಮಗಳ ವೇಷದಲ್ಲಿ ಹಸೆಯ ಮೇಲೆ ಕೂರಬೇಕು. ಕೂತ, ಆದರೆ ಮರದ ಗೊಂಬೆಯ ಹಾಗೆ.

"ಸ್ವಲ್ಪ ನಾಚ್ಕೊಳಪ್ಪ" ಎಂದರು ನಿರ್ದೇಶಕರು.

"ನಾಚ್ಕೊಂಡೇ ಇದ್ದೀನಲ್ಲ ಸಾರ್."

"ಹಲ್ಲುನೋವು ಬಂದೋರ ಥರ ಇದೆ."

ಹೆಂಗಸರು ಒಬ್ಬೊಬ್ಬರಾಗಿ ಬಂದು ಅರಿಸಿನದ ಅಕ್ಕಿ ಎರಚಿ ಹೋಗುತ್ತಿದ್ದರು. ಕಲ್ಸೋಮ್ ಎರಚಿದ ಒಂದು ಕಾಳು ನೇರವಾಗಿ ಜುಬೀರನ ಮೂಗಿಗೆ ಹೋಯಿತು. ಅವನು ತಡೆದುಕೊಂಡ, ಕಣ್ಣು ಮೇಲೆ ಮಾಡಿದ, ತುಟಿ ಸೊಟ್ಟಗೆ ಮಾಡಿದ. ಕೊನೆಗೆ ಗಂಡುದನಿಯಲ್ಲಿ ಸೀನಿದ ರಭಸಕ್ಕೆ ಕಟ್ಟಿದ್ದ ತುರುಬು ಮಡಿಲಿಗೆ ಬಿತ್ತು. ಕಲ್ಸೋಮಳ ನಗು ಸ್ಟುಡಿಯೋದ ತಗಡಿನ ಮಾಡನ್ನೇ ನಡುಗಿಸಿತು.

"ಯಾರದು? ಆಯಮ್ಮನ್ನ ಆಚೆ ಕಳಿಸ್ರೋ" ಎಂದರು ನಿರ್ದೇಶಕರು. ಅವಳ ಮುಖ ಬಾಡಿತು.

ಜುಬೀರ್ ತುರುಬನ್ನೆತ್ತಿ ಹಣೆಯ ಮೇಲೆ ಇಟ್ಟುಕೊಂಡು, ಸಣ್ಣ ದನಿಯಲ್ಲಿ "ಅಕ್ಕ ಹೋದ್ರೆ ನಾನೂ ತವರಿಗೆ ಹೋಗ್ತೀನಿ" ಎಂದ. ಆಮೇಲೆ ತನ್ನದೇ ದನಿಯಲ್ಲಿ, "ಬೆಳಗ್ಗಿಂದ ಹೆದ್ರಿಕೆ ಇತ್ತು ಸಾರ್, ಎಲ್ಲಿ ಜನ ನನ್ನ ನೋಡಿ ನಗ್ತಾರೋ ಅಂತ. ಈಗ ನಕ್ಕಾಯ್ತಲ್ಲ, ಇನ್ನೇನು?" ಎಂದ.

ಕಲ್ಸೋಮಳನ್ನು ಕ್ಯಾಮರಾದ ಪಕ್ಕದಲ್ಲೇ ಕೂರಿಸಿದರು. ಅವಳ ಬಾಯಿ ಮುಚ್ಚಿ ಹಿಡಿಯುವ ಕೆಲಸ ಮಾಕ್ ಬೀಬಾ ಪಾಲಿಗೆ ಬಂತು. ಜುಬೀರ್ ಅವಳನ್ನೇ ನೋಡುತ್ತ ನಾಚಿದ, ಕಣ್ಣು ಮಿಟುಕಿಸಿದ, ಮುದುಕ ಮದುಮಗನ ಗಡ್ಡದ ಮೇಲೆಯೇ ಸೀನಿದ. ಅತ್ತೆಯ ಅಂಗೈ ಕೆಳಗೆ ಕಲ್ಸೋಮ್ ಉಸಿರು ಬಿಗಿಹಿಡಿದಿದ್ದಳು. ಅಷ್ಟರಲ್ಲಿ ಖೊಳ್ಳೆಂದು ನಗು ಸಿಡಿಯಿತು. ನಕ್ಕವರು ಮಾಕ್ ಬೀಬಾ.

ಮದುವೆಮನೆಯಲ್ಲಿ ಯಾರೋ ಮುದುಕಿ ನಕ್ಕ ಹಾಗಿದೆ, ಇರಲಿ ಎಂದು ನಿರ್ದೇಶಕರು ಅದನ್ನು ಹಾಗೇ ಉಳಿಸಿಕೊಂಡರು. ಚಿತ್ರ ತಿಂಗಳುಗಟ್ಟಲೆ ಓಡಿತು. ಜುಬೀರನಿಗೆ ಹಾಡಿಗಿಂತ ಆ ಸೀನಿನಿಂದಲೇ ಹೆಚ್ಚು ಹೆಸರು ಬಂತು. ಟಾಕೀಸಿನಲ್ಲಿ ಆ ನಗು ಕೇಳಿದಾಗೆಲ್ಲ ಮಾಕ್ ಬೀಬಾ ಅಕ್ಕಪಕ್ಕದವರಿಗೆ "ಸುಮ್ನಿರಿ, ಅದು ನಾನು" ಎನ್ನುತ್ತಿದ್ದರಂತೆ.

ಮುಂದಿನ ಚಿತ್ರಕ್ಕೆ ಕಲ್ಸೋಮಳನ್ನು ಕರೆದೊಯ್ಯಲು ಸ್ಟುಡಿಯೋದ ಲಾರಿ ಬಂದಾಗ, ಅವಳಿನ್ನೂ ಚಪ್ಪಲಿ ಹುಡುಕುತ್ತಿದ್ದಳು. ಅತ್ತೆ ಆಗಲೇ ಹತ್ತಿ ಡ್ರೈವರ್ ಪಕ್ಕ ಕೂತಿದ್ದರು.