ನಿಂತ ಗಾಡಿಯ ತಂಪು

ಏಸಿ ಮೇಸ್ತ್ರಿಯವರ ಬಲಗೈಯ ಹೆಬ್ಬೆರಳು, ತೋರುಬೆರಳುಗಳ ತುದಿ ಸುಣ್ಣ ಮೆತ್ತಿದಂತೆ ಬೆಳ್ಳಗಿತ್ತು. ಬೆಂಕಿಯಿಂದಾದದ್ದಲ್ಲ, ಏಸಿ ಪೈಪಿನಿಂದ ಚಿಮ್ಮಿದ ಗ್ಯಾಸು ಯಾವಾಗಲೋ ಕಚ್ಚಿ ಚರ್ಮವನ್ನು ಕೊಂದುಹಾಕಿತ್ತು. ಆ ಬೆರಳುಗಳಿಗೆ ಬಿಸಿಯೂ ತಿಳಿಯುತ್ತಿರಲಿಲ್ಲ, ತಂಪೂ ತಿಳಿಯುತ್ತಿರಲಿಲ್ಲ. ಹಾಗಾಗಿ ಗಾಡಿಯೊಳಗೆ ಗಾಳಿ ಎಷ್ಟು ತಣ್ಣಗೆ ಬರುತ್ತಿದೆ ಎಂದು ನೋಡಲು ಅವರು ಮುಂದೆ ಬಾಗಿ, ಕಣ್ಣು ಮುಚ್ಚಿ, ಗಾಳಿ ಬರುವ ಕಿಂಡಿಗೆ ಕೆನ್ನೆ ಒಡ್ಡುತ್ತಿದ್ದರು. ಕೊಟ್ಟೂರಿನ ಜನ ಅದನ್ನು ಕೈಗುಣ ಎನ್ನುತ್ತಿದ್ದರು. ಕೆನ್ನೆಯಿಂದ ನೋಡುವವರಿಗೆ ಕೈಗುಣ ಎಲ್ಲಿಂದ ಬಂತು, ಒಂದು ಥರ್ಮಾಮೀಟರ್ ಇಡಬಾರದೇ ಎಂದು ಯಾರೂ ಕೇಳಿರಲಿಲ್ಲ. ನಾನು ಕೇಳಿದೆ. ನಮ್ಮ ಜಗಳ ಶುರುವಾದದ್ದೇ ಅಲ್ಲಿಂದ.

ಹೋದ ತಿಂಗಳು ಮೇಸ್ತ್ರಿ ತೀರಿಕೊಂಡರು. ಈಗ ಊರ ತುಂಬ ಅವರ ಗುಣಗಾನ. ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕೆಂಬ ಕಟ್ಟಳೆ ಮಾಡಿದವರು ಅವರ ಶೆಡ್ಡಿಗೆ ಹೋಗಿ ಬೈಸಿಕೊಂಡವರಂತೂ ಅಲ್ಲ. ಅವರು ಒರಟರು, ಹಟಮಾರಿ. ಗಿರಾಕಿಯ ಮಾತು ಮುಗಿಯುವ ಮೊದಲೇ ಬೆನ್ನು ತಿರುಗಿಸುತ್ತಿದ್ದರು. ಅವರ ಋಣ ನನ್ನ ಮೇಲಿದೆ, ಅಲ್ಲಗಳೆಯುವುದಿಲ್ಲ. ಆದರೆ ಋಣವಿದೆ ಎಂದ ಮಾತ್ರಕ್ಕೆ ಆರೋಪ ಬಿದ್ದುಹೋಗುವುದಿಲ್ಲ.

ನನ್ನ ತಮ್ಮನಿಗೆ ಹುಟ್ಟಿದಂದಿನಿಂದ ಬೆವರು ಬರುವುದಿಲ್ಲ. ಬೆವರದ ಮೈ ತಾನಾಗಿ ಆರುವುದಿಲ್ಲ; ಸ್ವಲ್ಪ ಹೊತ್ತು ಬಿಸಿಲಿಗೆ ಸಿಕ್ಕರೆ ಹಂಚಿನಂತೆ ಕಾಯುತ್ತದೆ, ಮಾತು ತೊದಲುತ್ತದೆ. ತಂಬ್ರಹಳ್ಳಿಯಿಂದ ಕೊಟ್ಟೂರಿನ ಕಾಲೇಜಿಗೆ ಅವನು ಬಸ್ಸಿನಲ್ಲಿ ಹೋಗುವಂತಿರಲಿಲ್ಲ. ಅಪ್ಪನ ಹಳೆಯ ವ್ಯಾನಿಗೆ ಏಸಿ ಇತ್ತು. ಆದರೆ ಅದು ಗಾಡಿ ಓಡುವಾಗಷ್ಟೇ ಏಸಿ. ರೈಲ್ವೆ ಗೇಟು ಬಿತ್ತೆಂದರೆ ಕಿಂಡಿಯಿಂದ ಒಲೆಯ ಝಳ. ಒಳಗಿನ ಸೆಕೆಯನ್ನು ಹೊರಗೆ ಚೆಲ್ಲುವ ಜಾಲರಿಗೆ ಕಂಡೆನ್ಸರ್ ಎನ್ನುತ್ತಾರೆ, ರೇಡಿಯೇಟರಿನ ಮುಂದೆಯೇ ಕೂತಿರುತ್ತದೆ. ನಮ್ಮ ವ್ಯಾನಿನದು ಹಳೆಯ ನಮೂನೆಯದು, ಸೋತುಹೋಗಿತ್ತು.

"ಈ ಬ್ಯಾಸಗಿ ನೋಡೂಣು. ಆಗಲಿಲ್ಲಂದ್ರ ಕಾಲೇಜು ಬಿಟ್ಟು ಮನ್ಯಾಗ ಇರ್ಲಿ," ಎಂದು ಅಪ್ಪ ಹೇಳಿಬಿಟ್ಟಿದ್ದರು.

ನಾನು ಕಾನೂನು ಓದುತ್ತಿದ್ದವಳು. ಚರ್ಚಾಸ್ಪರ್ಧೆಯ ಕಪ್ಪುಗಳು ಮನೆಯ ಕಪಾಟಿನಲ್ಲಿ ಜೋಳದ ಡಬ್ಬಿಗಳಿಗೆ ಜಾಗ ಬಿಡದಷ್ಟಿದ್ದವು. ಫೋನಿನಲ್ಲಿ ನಾಲ್ಕು ದಿನ ಓದಿ, ದೊಡ್ಡ ಗಾಡಿಗೆ ಹಾಕುವ ದಪ್ಪನೆಯ ಕಂಡೆನ್ಸರ್ ತರಿಸಿ, ಶೆಡ್ಡಿಗೆ ಹೊತ್ತುಕೊಂಡು ಹೋದೆ. ತಮ್ಮನ ಸಂಗತಿಯನ್ನು ಕೇಳಿಸಿಕೊಂಡ ಮೇಸ್ತ್ರಿ ಜಾಲರಿಯನ್ನು ತಿರುವಿ ನೋಡಿ ನೆಲಕ್ಕಿಟ್ಟರು.

"ಇದು ಆಗಂಗಿಲ್ಲವ್ವ."

"ಯಾಕ್ರಿ?"

"ಆಗಂಗಿಲ್ಲ ಅಂದೆ."

"ಅದು ಕಾರಣ ಅಲ್ರಿ ಮೇಸ್ತ್ರಿ, ತೀರ್ಪು. ಜಾಲರಿ ದೊಡ್ಡದಾದಷ್ಟೂ ಸೆಕಿ ಜಾಸ್ತಿ ಹೊರಗ ಹೋಗತೈತಿ. ಹೌದೋ ಅಲ್ಲೋ?"

"ಹೌದು."

"ನಮ್ಮ ಗಾಡ್ಯಾಗ ಇದು ಕುಂದ್ರತೈತೋ ಇಲ್ಲೋ?"

"ಕುಂದ್ರಸಬೌದು."

"ಮತ್ತ?"

ಅವರು ಹೊರಗೆ ಹೋಗಿ ಎಲೆ‌ಅಡಿಕೆ ಉಗುಳಿ ಬಂದರು. ಕಾಯುತ್ತ ಕೂತಿದ್ದ ಡ್ರೈವರುಗಳಿಗೆ ಕೇಳುವಂತೆ, "ನೋಡ್ರಪಾ, ವಕೀಲವ್ವಾರು ಕೇಸ್ ಗೆದ್ರು. ಹಾಕೂಣು ಬಿಡ್ರಿ," ಎಂದರು. ಎಲ್ಲರೂ ನಕ್ಕರು. ಗೆದ್ದವಳಿಗೆ ನಗು ಚುಚ್ಚುವುದಿಲ್ಲ, ನಾನೂ ನಕ್ಕೆ.

ಎರಡು ದಿನ ಬಿಟ್ಟು ವ್ಯಾನು ತರಲು ಹೋದಾಗ ಹಿಂದಿನ ಸೀಟಿನ ಕೆಳಗೆ ಗಿಡಕ್ಕೆ ಔಷಧಿ ಹೊಡೆಯುವ ಕೈಪಂಪು ಇತ್ತು. ಹೊಚ್ಚ ಹೊಸದು, ಕುತ್ತಿಗೆಯವರೆಗೆ ನೀರು.

"ಇದು ಯಾರದ್ರಿ?"

"ನಿಂದ."

"ನಾವೇನು ಮೆಣಸಿನಗಿಡಕ್ಕ ಹೊಡಿಯಾಕ ಹೊಂಟೀವೇನ್ರಿ?"

"ಇರ್ಲಿ ತಗೊ. ತಿನ್ನಾಕ ಏನ್ ಕೇಳತೈತಿ ಅದು?"

ತಮ್ಮನ ಪರೀಕ್ಷೆಯ ಮೊದಲ ದಿನ ಗೇಟು ಬಿತ್ತು. ಗೂಡ್ಸ್ ರೈಲು ಬರುವುದಿತ್ತು. ಮೊದಲು ಗಾಳಿ ತಣ್ಣಗೇ ಇತ್ತು; ನಾನು ಗೆಲುವಿನ ಭಾಷಣವನ್ನು ಮನಸ್ಸಿನಲ್ಲೇ ತಿದ್ದುತ್ತಿದ್ದೆ. ಅಷ್ಟರಲ್ಲಿ ಇಂಜಿನ್ನಿನ ಬಿಸಿ ತೋರಿಸುವ ಮುಳ್ಳು ಕೆಂಪು ಗೆರೆ ದಾಟಿತು, ಬಾನೆಟ್ಟಿನಿಂದ ಹಬೆ ಎದ್ದಿತು. ನನ್ನ ದಪ್ಪ ಜಾಲರಿ ಹಿಂದಿದ್ದ ರೇಡಿಯೇಟರಿಗೆ ಗಾಳಿಯನ್ನೇ ಬಿಟ್ಟಿರಲಿಲ್ಲ. ಅಪ್ಪ ಇಂಜಿನ್ ಬಂದ್ ಮಾಡಿದರು. ಏಸಿಯೂ ಸತ್ತಿತು. ಹಿಂದೆ ಲಾರಿ, ಮುಂದೆ ಟ್ರ್ಯಾಕ್ಟರ್, ನೆರಳಿಗೆ ಒಂದು ಜಾಲಿಗಿಡವೂ ಇಲ್ಲ. ತಮ್ಮನ ಮುಖ ಕೆಂಪೇರಿತು. ಕರೆದರೆ ಓಗೊಡಲಿಲ್ಲ. ಆಗ ನೆನಪಾಯಿತು ಪಂಪು. ಅಪ್ಪ ಟವಲಿನಿಂದ ಗಾಳಿ ಬೀಸಿದರು, ನಾನು ಅವನ ತಲೆ, ಎದೆ, ತೋಳಿಗೆ ನೀರು ಹೊಡೆದೆ. ಹೊಡೆದೇ ಹೊಡೆದೆ.

"ಅಕ್ಕಾ, ಕಣ್ಣಿಗೆ ಹೊಡಿಬ್ಯಾಡ," ಎಂದ ಕೊನೆಗೆ.

ಅವತ್ತಿನ ಪರೀಕ್ಷೆ ಹೋಯಿತು. "ಸಾಕಿನ್ನ ಕಾಲೇಜು," ಎಂದರು ಅಪ್ಪ. ಮರುದಿನ ವ್ಯಾನಿನೊಂದಿಗೇ ಶೆಡ್ಡಿಗೆ ಹೋದೆ.

"ನಿಮಗ ಗೊತ್ತಿತ್ತು."

"ಗೊತ್ತಿತ್ತು."

"ಗೊತ್ತಿದ್ದೂ ಹಾಕಿದ್ರಿ. ಪಂಪ್ ಇಡಾಕ ಕೈ ಬಂತು, ಹೇಳಾಕ ಬಾಯಿ ಬರಲಿಲ್ಲೇನ್ರಿ?"

"ನೀ ಕೇಳಾಕ ಬಂದಿರಲಿಲ್ಲವ್ವ. ಗೆಲ್ಲಾಕ ಬಂದಿದ್ದಿ."

ಈ ಮಾತನ್ನು ಜನ ಇವತ್ತಿಗೂ ಜಾಣ್ಮೆಯೆಂದು ಹೇಳಿಕೊಂಡು ತಿರುಗುತ್ತಾರೆ. ಅಲ್ಲಿಗೇ ನಿಲ್ಲಿಸುತ್ತಾರೆ. ನಾನು ನಿಲ್ಲಿಸಲಿಲ್ಲ. "ಗೆಲ್ಲಾಕ ಬಂದಾಕಿ ನಾನು. ಸುಡೋದಿದ್ರ ನನ್ನ ಸುಡಬೇಕಿತ್ತು. ಹಿಂದಿನ ಸೀಟಿನ್ಯಾಗ ಕುಂತಾವ ನಿಮ್ಮ ಕೂಡ ಯಾವ ವಾದ ಮಾಡಿದ್ನ್ರಿ?"

ಅವರು ಬೆನ್ನು ತಿರುಗಿಸದೆ ನಿಂತದ್ದನ್ನು ನಾನು ನೋಡಿದ್ದು ಅವತ್ತೊಂದೇ ದಿನ. ಬೆಳ್ಳನೆಯ ಬೆರಳುಗಳನ್ನು ಒಂದಕ್ಕೊಂದು ಉಜ್ಜಿದರು. "ಇದು ಖರೆ," ಎಂದರು. ಕ್ಷಮೆ ಕೇಳಲಿಲ್ಲ. ಪಾನಾ ತೆಗೆದುಕೊಂಡು ವ್ಯಾನಿನ ಮೂತಿ ಬಿಚ್ಚತೊಡಗಿದರು.

ಹಳೆಯದರಷ್ಟೇ ಅಗಲದ, ಆದರೆ ಕೂದಲೆಳೆಯಂಥ ಸಣ್ಣ ದಾರಿಗಳಿರುವ ತೆಳ್ಳನೆಯ ಹೊಸ ಕಂಡೆನ್ಸರ್ ಹಾಕಿದರು. ಅದರ ಮುಂದೆ ಒಂದು ಜೋರಾದ ಫ್ಯಾನು. ಸುತ್ತಲಿನ ಸಂದಿಗಳಲ್ಲಿ ಹಾದು ಇಂಜಿನ್ನಿನ ಬಿಸಿಗಾಳಿ ಮರಳಿ ಬರದಂತೆ ಸೈಕಲ್ ಟ್ಯೂಬು ಕತ್ತರಿಸಿ ತುರುಕಿದರು. ಆಮೇಲೆ ಗಾಡಿಯನ್ನು ನಡುಮಧ್ಯಾಹ್ನದ ಬಿಸಿಲಿಗೆ ನಿಲ್ಲಿಸಿ, ಇಂಜಿನ್ ಚಾಲೂ ಇಟ್ಟು ಒಳಗೆ ಕೂತರು.

"ಬಾ, ಕುಂದ್ರು. ಆಮ್ಯಾಲ ಸುಳ್ಳು ಅಂತಿ."

ಕೂತೆ. ಬಾಗಿಲು ಅರ್ಧ ತೆರೆದಿತ್ತು. "ಬಾಗ್ಲ ಹಾಕವ್ವ! ತಂಪು ಹೊರಗ ಹೋಗತೈತಿ."

ಒಂದು ಗಂಟೆ ಅಕ್ಕಪಕ್ಕ ಕೂತಿದ್ದೆವು, ಒಬ್ಬರ ಮುಖ ಒಬ್ಬರು ನೋಡದೆ. ನಾನು ಹಟಕ್ಕೆ ಥರ್ಮಾಮೀಟರ್ ಹಿಡಿದಿದ್ದೆ, ಅವರು ಹಟಕ್ಕೆ ಕೆನ್ನೆ ಒಡ್ಡಿದ್ದರು. ಇಳಿಯುವಾಗ ಒಂದೇ ಮಾತು: "ಓಡೋ ಗಾಡಿ ಯಾರಾದ್ರೂ ತಂಪು ಮಾಡ್ತಾರ. ನಿಂತಾಗ ತಂಪಿರಬೇಕು." ಮತ್ತೆರಡು ಮಧ್ಯಾಹ್ನ ಅದೇ ಪರೀಕ್ಷೆ. ಮೂರನೆಯದೂ ಮುಗಿದ ಮೇಲೆ ಅಪ್ಪನಿಗೆ ಕೀಲಿ ಕೊಟ್ಟು, "ಹುಡುಗನ್ನ ಕಾಲೇಜಿಗೆ ಕಳಸ್ರಿ," ಎಂದರು. ನನ್ನ ಮಾತಿಗೆ ಜಗ್ಗದ ಅಪ್ಪ ಅದಕ್ಕೆ ಜಗ್ಗಿದರು. ಅದೂ ನನಗೆ ಸಿಟ್ಟೇ.

ನಾವು ರಾಜಿಯಾಗಲಿಲ್ಲ. ಸಂತೆಯಲ್ಲಿ ಎದುರಾದರೆ ನನ್ನನ್ನು ಬಿಟ್ಟು ಅಪ್ಪನನ್ನು ಕೇಳುತ್ತಿದ್ದರು, "ಹೈಕೋರ್ಟು ಹೆಂಗೈತ್ರಿ?"

ಅವರ ಮಣ್ಣಿಗೆ ಹೋದಾಗಲೂ ನಡುಮಧ್ಯಾಹ್ನ. ಈಗ ಕೊನೆಯ ವರ್ಷದಲ್ಲಿರುವ ತಮ್ಮ ತಾನೂ ಬರುತ್ತೇನೆಂದು ಹಟ ಹಿಡಿದ. ಇಳಿಯುವಂತಿರಲಿಲ್ಲ, ಸುಡುಗಾಡಿನ ಬೇಲಿಯಾಚೆ ಇಂಜಿನ್ ಚಾಲೂ ಇಟ್ಟು ವ್ಯಾನಿನಲ್ಲೇ ಕೂತ. ಕುಣಿ ಇನ್ನೂ ತೋಡುತ್ತಿದ್ದರು, ಮಗ ಹರಪನಹಳ್ಳಿಯಿಂದ ಬರಬೇಕಿತ್ತು. ಎಲ್ಲ ಮುಗಿಯಲು ಒಂದೂವರೆ ಗಂಟೆ ಹಿಡಿಯಿತು. ಹಿಡಿಮಣ್ಣು ಹಾಕುವಾಗಲೂ ನನ್ನ ಕಣ್ಣು ಬೇಲಿಯಾಚೆ, ಬಾನೆಟ್ಟಿನ ಮೇಲೆ. ಹಬೆ ಏಳಲಿಲ್ಲ.

ಓಡಿಬಂದು ಬಾಗಿಲು ತೆರೆದೆ. ಮುಳ್ಳು ನಡುವೆಯೇ ನಿಂತಿತ್ತು. ತಮ್ಮ ಮುಂದೆ ಬಾಗಿ, ಕಣ್ಣು ಮುಚ್ಚಿ, ಕಿಂಡಿಗೆ ಕೆನ್ನೆ ಒಡ್ಡಿದ್ದ. ಹಣೆ ಮುಟ್ಟಿ ನೋಡಿದೆ. ತಣ್ಣಗಿತ್ತು.

ಅವರ ಮೇಲಿನ ಆರೋಪವನ್ನು ನಾನು ಹಿಂತೆಗೆದುಕೊಂಡಿಲ್ಲ. ಅದನ್ನು ಇನ್ನೊಮ್ಮೆ ಅಲ್ಲೇ, ಆ ಬಿಸಿಲಲ್ಲೇ, ಯಾರಿಗಾದರೂ ಹೇಳಬೇಕೆನಿಸಿ ನಿಂತುಬಿಟ್ಟಿದ್ದೆ.

"ಅಕ್ಕಾ, ಬಾಗ್ಲ ಹಾಕ," ಎಂದ ತಮ್ಮ. "ತಂಪು ಹೊರಗ ಹೋಗತೈತಿ."

ಹಾಕಿದೆ.