ಮೆಕಾಂಗ್ ದಡದ ಗಟ್ಟಿ ಗಂಟಲು

ಬುವಾಫಾನಳ ಗಂಟಲು ಊರಿಗೇ ಆಸ್ತಿ. ಮೆಕಾಂಗ್ ಹೊಳೆಯ ಥಾಯ್ ದಡದಲ್ಲಿ ನಿಂತು ಅವಳು "ಓ..." ಎಂದರೆ ಆಚೆ ದಡದ ಲಾವೋ ಹಳ್ಳಿಯಲ್ಲಿ ಮಲಗಿದ್ದ ನಾಯಿ ಎದ್ದು ಕೂರುತ್ತಿತ್ತು. ಗಂಡ ಖಾಮ್ಸಿಂಗನ ದೋಣಿಗೆ ಜನರನ್ನು ಕೂಗಿ ಕರೆಯುವುದೇ ಅವಳ ಕಸುಬು. ಆಚೆಗೆ ಮದುವೆಯಾಗಿ ಹೋಗಿದ್ದ ತಂಗಿ ಕೇಸಾನಳದೂ ಅದೇ ತಳಿಯ ಗಂಟಲು.

ಆ ವರ್ಷ ವಿಹಾರದ ಅಂಗಳಕ್ಕೆ ರೇಡಿಯೋ ಬಂತು. ಆಚೆ ದಡವೂ ನಮ್ಮದೇ, ಫ್ರೆಂಚರು ಕಿತ್ತುಕೊಂಡರು, ಅಲ್ಲಿರುವವರು ನಮ್ಮ ಒಡಹುಟ್ಟಿದವರು, ಬಿಡಿಸಿಕೊಂಡು ಬರಬೇಕು ಎಂದು ಅದು ದಿನವೂ ಹೇಳಿತು. ನಡುನಡುವೆ ಕವಾಯತಿನ ಹಾಡು. ಹೆಂಗಸರು ಟೋಪಿ ಧರಿಸಿದರೆ ದೇಶ ಮುಂದುವರಿಯುತ್ತದೆ ಎಂದೂ ಹೇಳಿತು. ಬುವಾಫಾನಳ ಮೈ ಜುಮ್ಮೆಂದಿತು.

"ಸರ್ಕಾರ ನಮ್ಮ ಕೇಸಾನ್ ಬಗ್ಗೇನೇ ಮಾತಾಡ್ತಿದೆ ಕಣ್ರೀ!"

"ಹೂಂ, ಮೊದಲು ನಿಂಗೆ ಟೋಪಿ ಹಾಕಿ ಆಮೇಲೆ ಅವಳಿಗೂ ಹಾಕುತ್ತೆ ಬಿಡು," ಎಂದ ಖಾಮ್ಸಿಂಗ್.

ಗಡಿಯಲ್ಲಿ ಜಗಳ ಹತ್ತಿ ದೋಣಿ ಸಂಚಾರ ನಿಂತಿತು. ಬ್ಯಾಂಕಾಕಿನಿಂದ ಬಂದ ಪ್ರಚಾರದ ಅಧಿಕಾರಿ ಪ್ರಸೋಂಗ್ ಊರಲ್ಲೆಲ್ಲ ವಿಚಾರಿಸಿ ಅವಳ ಮನೆಗೇ ಬಂದ. "ಅಮ್ಮಾ, ನಿಮ್ಮ ಗಂಟಲು ಇನ್ನು ಮೇಲೆ ದೇಶದ್ದು," ಎಂದ. ಬಾಯಿಗಿಟ್ಟು ಕೂಗುವ ತಗಡಿನ ಕಹಳೆಯೊಂದನ್ನು ಕೈಗೆ ಕೊಟ್ಟ. ಬೇಸಿಗೆಗೆ ಬತ್ತುತ್ತಿದ್ದ ಹೊಳೆಯ ಮರಳ ದಿಬ್ಬದ ಮೇಲೆ ಟೋಪಿ ಧರಿಸಿ ನಿಂತು ಅವಳು ಕೂಗಿದಳು: "ಅಣ್ಣತಮ್ಮಂದಿರೇ, ಬಿಳಿಯರ ನೊಗ ಕಿತ್ತೆಸೆಯಿರಿ! ನಾವು ಬರ್ತಿದ್ದೀವಿ!" ಊರು ಚಪ್ಪಾಳೆ ತಟ್ಟಿತು.

ಕೆಲವೇ ದಿನಗಳಲ್ಲಿ ಆಚೆಯಿಂದಲೂ ಉತ್ತರ ಬಂತು. "ಅಣ್ಣತಮ್ಮಂದಿರೇ, ನಿಮ್ಮ ಸರ್ಕಾರ ನಿಮ್ಮನ್ನ ಮುಳುಗಿಸ್ತಿದೆ!" ಕೇಸಾನಳ ಧ್ವನಿ! ಫ್ರೆಂಚರಿಗೂ ಗಟ್ಟಿ ಗಂಟಲು ಬೇಕಾಗಿತ್ತಲ್ಲ. ಘೋಷಣೆಯ ಬಾಲಕ್ಕೆ ಅವಳು ಹೊಳೆದಡದ ಮಾತಲ್ಲಿ ಪಟಪಟನೆ ಸೇರಿಸಿದಳು: "ಅಕ್ಕಾ, ಅಮ್ಮನ ಮಂಡಿನೋವು ಹೆಂಗಿದ್ಯೇ?"

ಬ್ಯಾಂಕಾಕಿನವನಿಗೆ ಆ ಮಾತು ತಲೆಬುಡ ತಿಳಿಯಲಿಲ್ಲ. "ಏನಂತಾಳೆ?"

"ಬೈತಿದ್ದಾಳೆ ಸ್ವಾಮಿ."

"ಹಾಗಾದ್ರೆ ನೀವೂ ಬಿಡಬೇಡಿ!"

ಬಿಡಲಿಲ್ಲ. ಮುಷ್ಟಿ ಎತ್ತಿ, ಕಣ್ಣು ಕೆಂಪಗೆ ಮಾಡಿ, "ಎಳ್ಳೆಣ್ಣೆ ಹಚ್ಚಿದ್ಮೇಲೆ ಪರವಾಗಿಲ್ಲ ಕಣೇ! ನಿನ್ ಹಂದಿ ಮರಿ ಹಾಕ್ತಾ?" ಎಂದು ಗರ್ಜಿಸಿದಳು. ಪ್ರಸೋಂಗ್ ಪುಳಕಗೊಂಡು ಮೇಲಿನವರಿಗೆ ಅವಳ ದೇಶಭಕ್ತಿಯ ವರದಿ ಕಳಿಸಿದ.

ಒಂದು ಬೆಳಿಗ್ಗೆ ಥಾಯ್ ವಿಮಾನಗಳು ತಲೆಯ ಮೇಲೆ ಹಾದು ಹೋದವು. ಊರಿಗೆ ಊರೇ ದಡಕ್ಕೆ ಓಡಿ ಬಂದು ಜಯಘೋಷ ಮಾಡಿತು. ಆಚೆ ದಡದಲ್ಲಿ ಹೊಗೆ ಎದ್ದಾಗ ಇನ್ನೂ ಜೋರಾಗಿ ಕೂಗಿತು. ಬುವಾಫಾನಳ ಎತ್ತಿದ ಕೈ ಹಾಗೇ ನಿಂತಿತು.

"ಸ್ವಾಮಿ, ಅವರು ಒಡಹುಟ್ಟಿದವರು ಅಂದ್ರಲ್ಲ?"

"ಹೌದಮ್ಮಾ. ಅವರನ್ನ ಬಿಡಿಸೋಕೇ ಇದು."

ಅವಳು ಟೋಪಿ, ಕಹಳೆ ಎರಡನ್ನೂ ಅವನ ಕೈಗಿಟ್ಟು ದಿಬ್ಬದ ತುದಿಗೆ ನಡೆದಳು. ಬರೀ ತಂಗಿಯ ಹೆಸರು ಹಿಡಿದು ಕೂಗಿದಳು. ಸಂಜೆಯವರೆಗೂ ಕೂಗಿದಳು. ಉತ್ತರವಿಲ್ಲ. ಖಾಮ್ಸಿಂಗ್ ಬಂದು ತೋಳು ಹಿಡಿದರೂ ಅಲುಗಲಿಲ್ಲ. ಕತ್ತಲಾಗುವ ಹೊತ್ತಿಗೆ ಆಚೆಯಿಂದ ಒಡೆದ ದನಿಯೊಂದು ತೇಲಿ ಬಂತು: "ಇದ್ದೀನಿ ಕಣಕ್ಕಾ! ಹೊಗೆ ಕುಡಿದು ಗಂಟಲು ಕಟ್ಟಿದೆ. ಮನೆ ಸುಟ್ಟೋಯ್ತು!"

ಮತ್ತೆ ಬುವಾಫಾನ್ ಕಹಳೆ ಮುಟ್ಟಲಿಲ್ಲ. ಗಂಟಲು ಬಿದ್ದುಹೋಗಿದೆ ಎಂದು ಸನ್ನೆಯಲ್ಲೇ ಪ್ರಸೋಂಗನಿಗೆ ತಿಳಿಸಿದಳು. ಅವನು ಶುಂಠಿ ಕಷಾಯ ಕಳಿಸಿಕೊಟ್ಟ, ಪಾಪ.

ತಿಂಗಳೊಪ್ಪತ್ತಿನಲ್ಲಿ ಯುದ್ಧ ನಿಂತಿತು. ಗೆದ್ದೆವು ಎಂದಿತು ರೇಡಿಯೋ. ಎದುರಿನ ಹಳ್ಳಿ ಮಾತ್ರ ಫ್ರೆಂಚರ ಕೈಯಲ್ಲೇ ಉಳಿಯಿತು. ದೋಣಿ ಬಿಟ್ಟ ಮೊದಲ ದಿನವೇ ಬುವಾಫಾನ್ ಅಂಟಕ್ಕಿ ಅನ್ನದ ಬುಟ್ಟಿ, ಒಣಮೀನು, ಹೊದಿಕೆ ಹೇರಿಕೊಂಡು ಆಚೆ ಹೋದಳು. ಹೊಸ ಬಿದಿರ ಗುಡಿಸಲ ಮುಂದೆ ಅಕ್ಕತಂಗಿ ಅತ್ತು, ಮೂಗು ಒರೆಸಿ, ಊಟಕ್ಕೆ ಕೂತರು.

"ಏನೇನು ಸುಳ್ಳು ಕೂಗ್ದೆ ನೀನು!" ಎಂದಳು ಕೇಸಾನ್.

"ನೀನೇನು ಕಮ್ಮಿನಾ? ಮುಳುಗಿಸ್ತಾರೆ ಅಂತ ಹೇಳ್ಕೊಟ್ಟೋರು ಯಾರೇ?"

"ಫ್ರೆಂಚರ ಕಡೆಯವನು. ಅವನೂ ನಿಮ್ಮ ಬ್ಯಾಂಕಾಕಿನವನ ಹಂಗೇ ಕಣೇ, ಹೊಳೆ ಮಾತು ಬರ್ತಿರಲಿಲ್ಲ. ಮೀನು ಇನ್ನೊಂದು ಹಾಕ್ಲಾ?"

"ಹಾಕು," ಎಂದು ಬುವಾಫಾನ್ ಎಲೆ ಮುಂದೆ ಸರಿಸಿದಳು.